ಎಮ್ಮೆಗಾ, ಬಾವಿಗಾ?

ಮ್ಯಾಜಿಕ್ ಕಲಿಯೋಣ ಅಂತ ಮೊಬೈಲಿನಲ್ಲಿ ಹುಡುಕಿ ನೋಡಿ. ಗುಟ್ಟುಗಳು ರಾಶಿ ರಾಶಿ ಸಿಗುತ್ತವೆ, ಕಲಿಸುವವರು ಮಾತ್ರ ಸಿಗುವುದಿಲ್ಲ. ಅರ್ಧ ನಿಮಿಷದ ವಿಡಿಯೊ, ಎದೆ ನಡುಗಿಸುವ ಸಂಗೀತ, ಮುಖವೇ ಇಲ್ಲದ ಒಂದು ಜೊತೆ ಕೈ. ಇಸ್ಪೀಟು ಎಲೆ ಮಾಯ! ಆಮೇಲೆ 'ಹೀಗೆ ಮಾಡಿ' ಅಂತ ಒಂದು ಸಲ ನಿಧಾನವಾಗಿ ತೋರಿಸುತ್ತಾರೆ, ಆ ನಿಧಾನವೂ ನಮಗೆ ಎಕ್ಸ್‌ಪ್ರೆಸ್ ರೈಲು. ತಲೆಗೆ ಎಲ್ಲ ಗೊತ್ತಾಗುತ್ತದೆ, ಕೈಗೆ ಏನೂ ಗೊತ್ತಾಗುವುದಿಲ್ಲ. ಅದೇ ವಿಡಿಯೊವನ್ನು ಅಕ್ಕನ ಮಗನೂ ನೋಡಿರುತ್ತಾನೆ. ನಾವು ಇಸ್ಪೀಟು ಕಟ್ಟು ಬಿಚ್ಚುವ ಮೊದಲೇ "ಮಾಮ, ಕೆಳಗಿನ ಎಲೆ ನೋಡ್ಕೊಂಡ್ರಿ ಅಲ್ವಾ?" ಅನ್ನುತ್ತಾನೆ.

ಎಡ ಬಲದ ಗೋಳು ಬೇರೆ. ಎದುರಿಗೆ ಕೂತವರ ಎಡಗೈ ನಮ್ಮ ಬಲಕ್ಕೆ ಕಾಣುತ್ತದೆ, ಸರಿ, ಅದನ್ನು ತಿರುಗಿಸಿಕೊಳ್ಳಬಹುದು. ಆದರೆ ಕೆಲವರು ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದು ಅವರೇ ಒಂದು ಸಲ ತಿರುಗಿಸಿಟ್ಟಿರುತ್ತಾರೆ. ಎಲೆಯ ಮೂಲೆಯ ಅಂಕಿ ತಿರುಗುಮುರುಗಾಗಿದೆಯಾ ಅಂತ ನೋಡಿ, ಆಮೇಲೆ ಕೈ ಎತ್ತಿ.

ಇದೆಲ್ಲ ಸಾಕಾಗಿ ಪುಸ್ತಕಕ್ಕೆ ಬಂದೆ. ಇಸ್ಪೀಟಿನ ಮ್ಯಾಜಿಕ್ಕಿಗೆ ತಿಳಿದವರು ಮೊದಲು ಹೇಳುವುದು 'ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್', 1948ರದ್ದು, ಜೀನ್ ಹ್ಯೂಗಾರ್ಡ್ ಮತ್ತು ಫ್ರೆಡರಿಕ್ ಬ್ರೌ ಬರೆದದ್ದು. ಅದು ಶುರುವಾಗುವುದೇ ಎಲೆ ಕಲೆಸುವುದರಿಂದ. ಬರೀ ಕಲೆಸುವುದು! ಅಷ್ಟು ಬಂದ ಮೇಲೆ ಅದರಿಂದಲೇ ಮಾಡಬಹುದಾದ ಆಟಗಳು. ಬೇಜಾರು ಅನ್ನಿಸಿದರೂ ಇದೇ ಸರಿ. ಅವಸರದವರು ಎರ್ಡ್‌ನೇಸ್ ಅನ್ನುವ ಹೆಸರಿನಲ್ಲಿ 1902ರಲ್ಲಿ ಬಂದ, ಇಸ್ಪೀಟಿನ ಕೈಚಳಕದ ಬಲು ಕಷ್ಟದ ಪುಸ್ತಕಕ್ಕೆ ಕೈ ಹಾಕುತ್ತಾರೆ. ಆ ಹೆಸರಿನ ಹಿಂದೆ ಇದ್ದವರು ಯಾರು ಅಂತ ಇವತ್ತಿಗೂ ಖಚಿತವಾಗಿಲ್ಲ. ನಾಲ್ಕು ಪುಟ ಓದಿದರೆ ಯಾಕೆ ಬಚ್ಚಿಟ್ಟುಕೊಂಡರು ಅಂತ ಅರ್ಥವಾಗುತ್ತದೆ, ಓದುಗರು ಹುಡುಕಿಕೊಂಡು ಬರಬಹುದು ಅಂತಲೇ ಇರಬೇಕು. ಇನ್ನು ಟಾರ್ಬೆಲ್ ಕೋರ್ಸು. 1920ರ ದಶಕದಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಬರುತ್ತಿದ್ದ 60 ಪಾಠ, ಆಮೇಲೆ 8 ಸಂಪುಟವಾಗಿ ಬೆಳೆಯಿತು. ಇಡೋಕೆ ಒಂದು ಕಪಾಟೇ ಬೇಕು. ಹಗ್ಗದ ಮ್ಯಾಜಿಕ್ಕು, ಇಸ್ಪೀಟಿನ ಮ್ಯಾಜಿಕ್ಕು ಎರಡೂ ಒಂದೇ ಕಡೆ ಬೇಕು ಅನ್ನುವವರಿಗೆ ನಾನು ಹೇಳುವುದು ಮಾರ್ಕ್ ವಿಲ್ಸನ್ ಅವರ 1975ರ ಪುಸ್ತಕ. ಹೆಜ್ಜೆಹೆಜ್ಜೆಗೂ ಚಿತ್ರ ಇದೆ, ಇಂಗ್ಲಿಷ್ ಓದಲು ಬೇಜಾರಾದರೂ ಕೈ ಎಲ್ಲಿಡಬೇಕು ಅಂತ ಕಾಣುತ್ತದೆ.

ಆದರೆ ಯಾವ ಪುಸ್ತಕದಲ್ಲೂ ನಮ್ಮ ಚಿಕ್ಕಪ್ಪ ಇಲ್ಲ.

ಪುಸ್ತಕದ ಪ್ರೇಕ್ಷಕರು ಬಹಳ ಒಳ್ಳೆಯವರು. ಎಲೆ ತೆಗೆಯಿರಿ ಅಂದರೆ ತೆಗೆಯುತ್ತಾರೆ, ಇಡಿ ಅಂದ ಕಡೆ ಇಡುತ್ತಾರೆ. ಚಿಕ್ಕಪ್ಪನದು ಮದುವೆ ಮನೆಗಳಲ್ಲಿ ಬೆಳಗಿನ ಜಾವದವರೆಗೆ ರಮ್ಮಿ ಆಡಿದ ಕೈ. ಕಳಾವರ ರಾಣಿಯನ್ನು ಒಳಗಿಟ್ಟವರೇ "ಇಲ್ಲಿ ಕೊಡು, ನಿನಗೆ ಕಲೆಸೋಕೇ ಬರಲ್ಲ" ಅಂತ ಇಡೀ ಕಟ್ಟನ್ನು ಕಿತ್ತುಕೊಂಡು, ಪರಪರ ಅಂತ ಕಲೆಸಿ, ನೋಡನೋಡುತ್ತ ಎಲ್ಲರಿಗೂ ಹದಿಮೂರು ಹದಿಮೂರು ಎಲೆ ಹಾಕಿಯೇಬಿಟ್ಟರು. ಮ್ಯಾಜಿಕ್ ಹೋಗಿ ರಮ್ಮಿ ಶುರುವಾಯಿತು. ದುಡ್ಡು ನನ್ನದೇ ಹೋಯಿತು, ಬಿಡಿ.

ಅತ್ತೆಯವರದು ಇನ್ನೊಂದು ಥರ. "ಎಲೆ ನೆನಪಿದೆಯಾ ಅತ್ತೆ?" ಅಂದೆ. "ಹೂಂ" ಅಂದರು. ಮಂತ್ರ ಹಾಕಿ, ಊದಿ, ಆಟೀನ್ ಏಳನ್ನು ಎತ್ತಿ ಹಿಡಿದು "ಇದೇ ಅಲ್ವಾ?" ಅಂದರೆ, ಕನ್ನಡಕ ಸರಿಮಾಡಿಕೊಂಡು "ಇರಬಹುದಪ್ಪಾ, ಕೆಂಪಗಿತ್ತು" ಅಂದರು. ಅವತ್ತಿನಿಂದ ನನ್ನ ಅಳತೆಗೋಲು ಒಂದೇ. 'ಎಲೆಯನ್ನು ಪಕ್ಕದವರಿಗೂ ತೋರಿಸಿ' ಅಂತ ಹೇಳಿಕೊಡುವ ಪುಸ್ತಕವೋ ವಿಡಿಯೊವೋ ಆದರೆ ಅದನ್ನು ಮಾಡಿದವರು ನಿಜವಾದ ಮನುಷ್ಯರ ಮುಂದೆ ನಿಂತಿದ್ದಾರೆ ಅಂತ ಅರ್ಥ, ದುಡ್ಡು ಕೊಡಬಹುದು.

ಇಷ್ಟರಲ್ಲಿ ಅಜ್ಜಿಯ ತಕರಾರು. "ಎಲೆ ಹಿಡಿದು ಕೂತ ಮನೆ ಉದ್ಧಾರ ಆಗಲ್ಲ." ಹಗ್ಗಕ್ಕೆ ಆ ಕೆಟ್ಟ ಹೆಸರಿಲ್ಲವಲ್ಲ, ಅದಕ್ಕೆ ತಿರುಗಿದೆ. ಮೂರು ಬೇರೆ ಬೇರೆ ಉದ್ದದ ಹಗ್ಗ ಒಂದೇ ಉದ್ದವಾಗುವ ಆಟ ನೋಡಿರುತ್ತೀರಿ, ಕತ್ತರಿಸಿದ ಹಗ್ಗ ಮತ್ತೆ ಕೂಡುವುದನ್ನೂ ನೋಡಿರುತ್ತೀರಿ. ಅದಕ್ಕೆ ಬೇಕಾದದ್ದು ಮೆತ್ತನೆಯ ಹತ್ತಿ ಹಗ್ಗ, ಒಳಗಿನ ತಿರುಳು ಎಳೆದು ಹಾಕಿದ್ದು. ತಿಪಟೂರು ಕೊಬ್ಬರಿಯ ಊರು, ಅಲ್ಲಿ ನಾರಿನ ಹಗ್ಗಕ್ಕೇನು ಬರ? ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ, "ಎಮ್ಮೆಗಾ, ಬಾವಿಗಾ?" ಮ್ಯಾಜಿಕ್ಕಿಗೆ ಅನ್ನಲು ನಾಚಿಕೆಯಾಗಿ ಎಮ್ಮೆಗೆ ಅಂದೆ. ಅಂಗೈ ಚುಚ್ಚಿಸಿಕೊಂಡೆ. ಆಮೇಲೆ ನೈಲಾನ್ ತಂದರೆ ಹಾಕಿದ ಗಂಟು ಆಟ ಮುಗಿಯುವ ಮೊದಲೇ ತಾನಾಗಿ ಬಿಚ್ಚಿಕೊಳ್ಳುತ್ತದೆ, ಕತ್ತರಿಸಿದ ತುದಿ ಕೆದರಿಕೊಂಡು ನಿಲ್ಲುತ್ತದೆ.

ಕೊನೆಗೆ ಸಿಕ್ಕಿದ್ದು ಹೊಲಿಗೆ ಸಾಮಾನಿನ ಅಂಗಡಿಯಲ್ಲಿ. ಲಂಗದ ಲಾಡಿ! ದಪ್ಪನೆಯ ದುಂಡು ಲಾಡಿ, ಹತ್ತಿಯದು, ಹೇಳಿದ ಹಾಗೆ ಬಾಗುತ್ತದೆ. ಇದೇನೂ ಹೊಸದಲ್ಲ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಅನ್ನುವವರು, ಮಾಟಗಾತಿಯರು ಅಂತ ಪಾಪದವರನ್ನು ಕೊಲ್ಲುವುದು ತಪ್ಪು ಅಂತ ವಾದಿಸುತ್ತ ಒಂದು ದೊಡ್ಡ ಪುಸ್ತಕ ಬರೆದರು, ಅದರಲ್ಲಿ ಇಂಥದೆಲ್ಲ ಬರೀ ಕೈಚಳಕ ಅಂತ ತೋರಿಸಲು ಇಸ್ಪೀಟಿನ ಆಟಗಳನ್ನೂ ಬಿಡಿಸಿಟ್ಟರು, ಬಟ್ಟೆ ಕಟ್ಟುವ ದಾರವನ್ನು ನಡುವೆ ಕತ್ತರಿಸಿ ಕೂಡಿಸುವುದನ್ನೂ ಬಿಡಿಸಿಟ್ಟರು. ಅಂದರೆ ಆಗಲೂ ಲಾಡಿಯೇ, ಹೆಚ್ಚುಕಮ್ಮಿ.

ಒಂದೇ ತೊಂದರೆ. ಕತ್ತರಿಸಿ ಕೂಡಿಸುವ ಆಟದಲ್ಲಿ ಪ್ರತಿ ಸಲವೂ ಲಾಡಿ ಒಂದಿಷ್ಟು ಗಿಡ್ಡವಾಗುತ್ತದೆ, ಯಾಕೆ ಅಂತ ಕೇಳಬೇಡಿ. ಅಭ್ಯಾಸ ಜಾಸ್ತಿ ಮಾಡಿದಷ್ಟೂ ಅಂಗಡಿಗೆ ಓಡಾಟವೂ ಜಾಸ್ತಿ. ಅಂಗಡಿಯಾಕೆ ಸುಮ್ಮನೆ ಅಳೆದು ಕೊಡುತ್ತಿದ್ದವರು ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟರು: "ಮನೇಲಿ ಎಷ್ಟು ಲಂಗ ಹೊಲೀತಾರೆ ಸಾರ್? ಬಿಡಿಯಾಗಿ ಯಾಕೆ, ಉಂಡೆನೇ ತಗೊಂಡ್ಹೋಗಿ."