ಜೋತುಬಿದ್ದ ಡೋರಿಗೆ ಕಿಟ್ ಸಾಕೆ, ಲೇತ್ ಬೇಕೆ?

ಹಳೆಯ ಕಾರಿನ ಡೋರ್ ತೆಗೆದಾಗ ಕೆಳಗೆ ಕೂತು, ಹಾಕುವಾಗ ಎತ್ತಿ ದೂಡಬೇಕಾಗಿ ಬಂದರೆ ಮೊದಲು ನೋಡಬೇಕಾದದ್ದು ಹಿಂಜ್, ಅಂದರೆ ಡೋರ್ ತಿರುಗುವ ಕೀಲು. ಆದರೆ ಹುಬ್ಬಳ್ಳಿಯಲ್ಲಾಗಲಿ, ನಾನೀಗ ಇರುವ ಅಮೆರಿಕದ ಮಿಶಿಗನ್‌ನಲ್ಲಾಗಲಿ ಜನ ಮೊದಲು ಕೈ ಹಾಕುವುದು ಸ್ಟ್ರೈಕರಿಗೆ, ಅಂದರೆ ಲಾಕ್ ಹೋಗಿ ಕಚ್ಚಿಕೊಳ್ಳುವ ಕೊಂಡಿಗೆ. ಅದನ್ನು ಸಡಿಲಿಸಿ ಕೊಂಚ ಕೆಳಗಿಳಿಸಿದರೆ ಡೋರ್ ಅವತ್ತಿಗೆ ಹಾಕಿಕೊಳ್ಳುತ್ತದೆ, ಸವೆತ ಒಳಗೊಳಗೇ ಮುಂದುವರಿಯುತ್ತದೆ. ಈ ಸೋಮಾರಿತನದಲ್ಲಿ ಎರಡೂ ಊರು ಒಂದೇ.

ಪರೀಕ್ಷೆ ಸುಲಭ. ಡೋರ್ ಅರ್ಧ ತೆರೆದು, ಅದರ ಹಿಂತುದಿ ಹಿಡಿದು ಎತ್ತಿ, ಕಣ್ಣು ಹಿಂಜಿನ ಮೇಲಿರಲಿ. ಪಿನ್ನು ತೂತಿನೊಳಗೆ ಅಲ್ಲಾಡಿದರೆ ಬುಷ್, ಅಂದರೆ ಪಿನ್ನಿನ ಸುತ್ತ ತೂತಿನಲ್ಲಿ ಕೂತಿರುವ ಲೋಹದ ಬಳೆ, ಸವೆದಿದೆ. ಇಡೀ ಹಿಂಜೇ ಅಲ್ಲಾಡಿದರೆ ಬೋಲ್ಟ್ ಸಡಿಲ, ಇಲ್ಲವೇ ತಗಡು ಬಿರುಕು ಬಿಟ್ಟಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಇಲ್ಲಿ ಅದೂ ಅಪರೂಪವಲ್ಲ. ಬುಷ್ಷನ್ನು ಹಿತ್ತಾಳೆ, ಕಂಚಿನಂಥ ಮೆದು ಲೋಹದಲ್ಲಿ ಮಾಡುವುದೇ ಅದು ಸವೆಯಲಿ, ಪಿನ್ನೂ ಹಿಂಜೂ ಉಳಿಯಲಿ ಎಂದು. ಸವೆದ ಮೇಲೂ ಹಾಗೇ ಓಡಿಸಿದರೆ ಪಿನ್ನು ಹಿಂಜಿನ ತೂತನ್ನೇ ತಿಂದು ಮೊಟ್ಟೆಯಾಕಾರ ಮಾಡುತ್ತದೆ.

ಅಮೆರಿಕದವರ ರೀತಿಯಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದಿದೆ. ತೊಂಬತ್ತರ ದಶಕದ ಪಿಕಪ್ಪಿಗೂ ಪಿನ್, ಬುಷ್, ಕ್ಲಿಪ್ ಒಟ್ಟಾಗಿರುವ ಕಿಟ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಒಂದು ಊಟದ ಬೆಲೆಗೆ. ಕೆಲಸದ ಕ್ರಮವೂ ಶಿಸ್ತಿನದು: ಡೋರಿನಡಿ ಜಾಕ್, ಜಾಕಿನ ಮೇಲೆ ಮರದ ತುಂಡು, ಅದರ ಮೇಲೆ ಬಟ್ಟೆ. ಹೊಡೆದು ತೆಗೆಯುವುದು ಒಂದು ಸಲಕ್ಕೆ ಒಂದೇ ಪಿನ್ನು. ಇನ್ನೊಂದು ಅಲ್ಲೇ ಇದ್ದರೆ ಡೋರಿನ ಹೊಂದಿಕೆ ತಪ್ಪುವುದಿಲ್ಲ. ಹಿಂಜಿಗೆ ದಪ್ಪ ಸ್ಪ್ರಿಂಗ್ ಇದ್ದರೆ ಅದನ್ನು ಅದುಮಿ ಹಿಡಿಯುವ ಸಾಧನವೇ ಬೇರೆ ಇದೆ. ಸಿಡಿದರೆ ಕಣ್ಣೇ ಹೋದೀತು. ನಮ್ಮಲ್ಲಿ ಕನ್ನಡಕವಿಲ್ಲದೆ ಸ್ಕ್ರೂಡ್ರೈವರಿನಲ್ಲೇ ಮೀಟುವವರನ್ನು ಕಂಡಿದ್ದೇನೆ, ಅದು ಧೈರ್ಯವೇನಲ್ಲ.

ಆದರೆ ಕಿಟ್ ಒಂದನ್ನು ನಂಬಿಕೊಂಡಿರುತ್ತದೆ: ತೂತು ಇನ್ನೂ ದುಂಡಗಿದೆ ಎಂದು. ತಡಮಾಡಿದ ಕಾರಿನಲ್ಲಿ ಅದು ಸುಳ್ಳು. ಹೊಸ ಬುಷ್ ಹಾಕಿದರೂ ಒಳಗೆ ಲಟಲಟ. ಲೋಹ ಕಡೆಯುವ ಯಂತ್ರ ಲೇತ್ ಇಟ್ಟುಕೊಂಡ ಹುಬ್ಬಳ್ಳಿ ಗೋಕುಲ ರೋಡಿನ ಅಂಗಡಿಯವನು ಗೆಲ್ಲುವುದು ಇಲ್ಲಿ. ಹಿಂಜ್ ಕೈಗೆ ಕೊಟ್ಟರೆ ಆತ ಮೊದಲು ಅಳತೆಯ ಸಾಧನ ವರ್ನಿಯರ್ ತೆಗೆಯುತ್ತಾನೆ. ತೂತನ್ನು ದುಂಡಗಾಗುವಷ್ಟು ದೊಡ್ಡದು ಮಾಡಿ, ಆ ಅಳತೆಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಕಡೆದು, ಬಿಗಿಯಾಗಿ ಕೂರಿಸುತ್ತಾನೆ. ಕಂಪನಿ ಆ ಮಾಡೆಲ್ ನಿಲ್ಲಿಸಿ ಎಷ್ಟು ವರ್ಷವಾಯಿತು ಎಂಬುದು ಅವನಿಗೆ ಲೆಕ್ಕಕ್ಕೇ ಇಲ್ಲ. ಕಾರಿನ ವಯಸ್ಸಿಗೆ ತಕ್ಕ ರಿಪೇರಿ ಎಂದರೆ ನನ್ನ ಪ್ರಕಾರ ಇದೇ.

ಮಿಶಿಗನ್‌ನಲ್ಲೂ ಲೇತ್‌ಗಳಿಗೆ ಬರವಿಲ್ಲ, ಕಾರು ಉದ್ಯಮದ ಊರು ಡೆಟ್ರಾಯಿಟ್ ಇರುವ ರಾಜ್ಯ ಇದು. ಆದರೆ ಗ್ಯಾರೇಜ್ ಕೂಲಿಯೇ ಗಂಟೆಗೆ ನೂರು ಡಾಲರ್ ದಾಟಿರುವಾಗ ಹಳೆಯ ಗಾಡಿಯ ಒಂದು ಬುಷ್ಷಿಗಾಗಿ ಲೇತಿನವರ ಬಳಿ ಯಾರು ಹೋಗುತ್ತಾರೆ? ಹಾಗಾಗಿ ಇಲ್ಲಿಯವರು ತಾವೇ ಮಾಡಿಕೊಳ್ಳುತ್ತಾರೆ, ಇಲ್ಲವೇ ಗಾಡಿಯನ್ನೇ ಬಿಟ್ಟುಬಿಡುತ್ತಾರೆ. ಬೇಸರವೆಂದರೆ ಊರಲ್ಲೂ ಈಗ ಹಿಂಜ್ ಬಿಚ್ಚುವ ಮೊದಲೇ ‘ಪೂರಾ ಸೆಟ್ ಹಾಕಿಸಿಬಿಡ್ರಿ’ ಎನ್ನುವ ಮೆಕ್ಯಾನಿಕ್‌ಗಳು ಹೆಚ್ಚುತ್ತಿದ್ದಾರೆ. ಸೆಟ್ ಸಿಗದಿದ್ದರೆ ಗುಜರಿಗೆ ಕೊಡಿ ಎನ್ನುತ್ತಾರೆ.

ನಮ್ಮ ಭಾವನ ಕಾರು 2007ರದ್ದು. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಣಕ್ಕೇ 5000 ರೂಪಾಯಿ ಕಟ್ಟಿದ್ದಾರೆ. 2022ರ ಏಪ್ರಿಲ್‌ನಿಂದ ಕಾರಿಗೆ ಅಷ್ಟಾಗಿತ್ತು. ಈಗ ಡ್ರೈವರ್ ಕಡೆಯ ಡೋರ್ ಒಂದು ಇಳಿದಿದೆಯೆಂದು ಮಾರುವ ಮಾತಾಡುತ್ತಿದ್ದಾರೆ. ಉಳಿದ ಮೂರು ಡೋರ್ ಬೆರಳಲ್ಲಿ ದೂಡಿದರೆ ಹಾಕಿಕೊಳ್ಳುತ್ತವೆ. ಯಾರಿಗೂ ಬೆಲೆ ಹೇಳುವ ಮೊದಲು ಆ ಹಿಂಜ್ ಬಿಚ್ಚಿಸಿ ಗೋಕುಲ ರೋಡಿಗೆ ಒಯ್ಯಿರಿ ಎಂದಿದ್ದೇನೆ.