6.4 ಅಂತೆ!

ಶನಿವಾರದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ. ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ಅಕ್ಕನ ಮಗನ ಕಾರಿನಲ್ಲಿ ಕಾಸರಗೋಡಿನ ಬದಿಯಡ್ಕದಿಂದ ಮಂಗಳೂರಿಗೆ ಹೊರಟಿದ್ದೆವು, ಒಂದು ಮದುವೆಗೆ. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಾರು ಹೊಸದು, ಅದರ ಸ್ಪೀಕರ್ ಕಾರಿಗಿಂತ ಹೊಸದು. ನಾನು ಐದು ವರ್ಷದಿಂದ ಕಾಯುತ್ತಿದ್ದ ಇಂಡೀ ರಾಕ್ ಬ್ಯಾಂಡ್ ಒಂದರ ಹೊಸ ಆಲ್ಬಮ್ ಹಿಂದಿನ ವಾರವಷ್ಟೇ ಬಂದಿತ್ತು. ಇಂಥ ಸ್ಪೀಕರ್ ನಮ್ಮ ಮನೆಯಲ್ಲಿಲ್ಲ. "ಅದನ್ನು ಹಾಕು ಮಾರಾಯ" ಎಂದೆ.

ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, "ಅದು ಬೇಡ ಮಾವ. ಹತ್ತಕ್ಕೆ 6.4 ಅಂತೆ."

"ಕೇಳಿದ್ದೀಯಾ?"

"ಇಲ್ಲ."

"ರಿವ್ಯೂ ಓದಿದೆಯಾ?"

"ಇಲ್ಲ ಮಾವ, ಸ್ಕೋರ್ ನೋಡಿದೆ."

ಎಂತ ಹೇಳುವುದು ಇವನಿಗೆ? ಹೆಣ್ಣು ನೋಡಲು ಹೋಗಿ ಜಾತಕ ನೋಡಿ ವಾಪಸ್ ಬಂದ ಹಾಗಾಯಿತು. (ಅದನ್ನೂ ಇವನು ಮಾಡಿದ್ದಾನೆ. ಅಕ್ಕ ಓದುತ್ತಾಳೆ, ಮುಂದೆ ಬರೆಯುವುದಿಲ್ಲ.)

ಬ್ಯಾಂಡಿನ ಹೆಸರು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ಮೊದಲು ಸ್ಕೋರ್ ಹುಡುಕುತ್ತೀರಿ. ನಿಮ್ಮನ್ನೆಲ್ಲ ನನಗೆ ಚೆನ್ನಾಗಿ ಗೊತ್ತು.

ತಮಾಷೆ ಎಂದರೆ, ಆ ರಿವ್ಯೂ ನಾನು ಓದಿದ್ದೆ. ಒಳ್ಳೆಯ ಬರಹ. ನಾಲ್ಕನೇ ಹಾಡನ್ನು ಬಾಯ್ತುಂಬ ಹೊಗಳಿದ್ದರು. ಕೊನೆಯ ಮೂರು ಹಾಡುಗಳಲ್ಲಿ ಮಾತು ಗಿಟಾರಿನ ಅಡಿಗೆ ಬಿದ್ದು ಹೂತುಹೋಗಿದೆ ಎಂದಿದ್ದರು. ಅದೂ ನಿಜವೇ. ಒಂಬತ್ತು ಪ್ಯಾರಾ ಬರೆದ ಮನುಷ್ಯ ಕೂತು ಕೇಳಿದ್ದಾನೆ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಆ ಒಂಬತ್ತು ಪ್ಯಾರಾದ ನೆತ್ತಿಯ ಮೇಲೆ ಒಂದು ಅಂಕಿ ಕೂರಿಸಿದ್ದಾರಲ್ಲ, ಬದಿಯಡ್ಕದವರೆಗೆ ಬಂದು ಮುಟ್ಟಿದ್ದು ಅದು ಮಾತ್ರ.

ನಾವು ಅಡಿಕೆಯವರು. ದರ್ಜೆ ಎಂದರೆ ಏನೆಂದು ನಮಗೆ ಗೊತ್ತಿಲ್ಲವೇ? ಪಟೋರ, ಉಳ್ಳಿಗಡ್ಡೆ, ಕಡಿಮೆ ದರದ ಕರಿಗೋಟು ಅಂತ ಬೇರೆ ಬೇರೆ ರಾಶಿ ಹಾಕಿಯೇ ಮಾರುತ್ತೇವೆ. ಆದರೆ ಅಂಗಡಿಯವನು ಗೋಣಿಗೆ ಕೈ ಹಾಕಿ, ನಾಲ್ಕು ಅಡಿಕೆ ತೆಗೆದು, ತುಂಡು ಮಾಡಿ ಒಳಗಿನ ಬಣ್ಣ ನೋಡಿಯೇ ದರ ಹೇಳುತ್ತಾನೆ. "ಬೇರೆ ಯಾರೋ ಕರಿಗೋಟು ಅಂದರಂತೆ" ಎಂದು ಗೋಣಿಯ ಬಾಯಿಯನ್ನೇ ಬಿಚ್ಚದೆ ಕಳಿಸಿದರೆ ನಾವು ಸುಮ್ಮನಿರುತ್ತೇವಾ?

ವಿಮರ್ಶೆಯೇ ಬೇಡ ಎನ್ನುವ ಜಾತಿಯವನೂ ನಾನಲ್ಲ. ಯಕ್ಷಗಾನದ ಕವಿ ಕುಂಬಳೆ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಎದೆಹಾಲಿನ ಜೊತೆಗೇ ಬಂದದ್ದು. ರಾತ್ರಿಯಿಡೀ ಬಯಲಾಟ ನೋಡಿ ಬಂದ ದೊಡ್ಡಪ್ಪ, ಬೆಳಿಗ್ಗೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಒಮ್ಮೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಿನ್ನೆಯ ರಾವಣ ಕುಣಿದದ್ದು ಚಂದ. ಆದರೆ ಪದ್ಯಕ್ಕೆ ಸಿಟ್ಟು ಬಂದು, ಇಳಿದು ಹೋದ ಮೇಲೆ ಅವನಿಗೆ ಸಿಟ್ಟು ಬಂತು." ಅಷ್ಟೇ. ಮತ್ತೆ ಅಡಿಕೆ. ನಾನು ರಾವಣ ಬರುವ ಮೊದಲೇ ಚಾಪೆಯಲ್ಲಿ ನಿದ್ದೆ ಹೋಗಿದ್ದವನು. ಆ ಒಂದು ಮಾತು ಕೇಳಿ, ಅದೇ ರಾವಣನನ್ನು ನೋಡಲೇಬೇಕೆಂದು ಮುಂದಿನ ವಾರ ಇನ್ನೊಂದು ಆಟಕ್ಕೆ ಹೋದೆ. ದೊಡ್ಡಪ್ಪ ಆವತ್ತು "6.4" ಎಂದಿದ್ದರೆ ಹೋಗುತ್ತಿದ್ದೆನಾ?

ಈ ದಶಾಂಶದ ಹುಚ್ಚು ಹಬ್ಬಿಸಿದ್ದರಲ್ಲಿ ದೊಡ್ಡ ಪಾಲು ಪಿಚ್‌ಫೋರ್ಕ್‌ನದ್ದು. ತೊಂಬತ್ತರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ರಯಾನ್ ಶ್ರೈಬರ್ ಎಂಬ ಹುಡುಗ ಶುರು ಮಾಡಿದ ಸಂಗೀತ ವಿಮರ್ಶೆಯ ಜಾಲತಾಣ. 0.0ಯಿಂದ 10.0 ತನಕ ಅಂಕ. 6.4ಕ್ಕೂ 6.5ಕ್ಕೂ ನಡುವೆ ಇರುವ ಆ 0.1 ಎಂತದು ಮಾರ್ರೆ? ಡ್ರಮ್ಮಿನವನು ಒಂದು ಪೆಟ್ಟು ತಪ್ಪಿದ್ದಾ? 2004ರಲ್ಲಿ ಟ್ರಾವಿಸ್ ಮಾರಿಸನ್ ಎಂಬವರ ಮೊದಲ ಸೋಲೋ ಆಲ್ಬಮ್‌ಗೆ ಇವರು 0.0 ಕೊಟ್ಟರು. ಮೊದಲು ಉತ್ಸಾಹ ತೋರಿಸಿದ್ದ ಕೆಲವು ಕಾಲೇಜು ರೇಡಿಯೋದವರು ತಣ್ಣಗಾದರು. ಒಬ್ಬ ಮನುಷ್ಯನ ವರ್ಷಗಳ ಕೆಲಸ, ಒಂದು ಸೊನ್ನೆ, ಮುಗಿಯಿತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. 2021ರಲ್ಲಿ ಇದೇ ಪಿಚ್‌ಫೋರ್ಕ್‌ನವರು ತಾವೇ ಕೊಟ್ಟ ಹಳೆಯ ಅಂಕಗಳನ್ನು ತಿದ್ದಿದರು. ಹತ್ತೊಂಬತ್ತು ಆಲ್ಬಮ್‌ಗಳಿಗೆ ಮರುಮೌಲ್ಯಮಾಪನ, ನಮ್ಮ ಎಸ್ಸೆಸ್ಸೆಲ್ಸಿಯ ಹಾಗೆ! 2003ರಲ್ಲಿ ಗಾಯಕಿ ಲಿಜ್ ಫೇರ್‌ಗೆ ಕೊಟ್ಟಿದ್ದ 0.0 ಈಗ 6.0. ಸೊನ್ನೆ ಸುತ್ತಿದವಳು ಹದಿನೆಂಟು ವರ್ಷದ ಮೇಲೆ ಫಸ್ಟ್ ಕ್ಲಾಸ್. ಇಂಟರ್‌ಪೋಲ್ ಬ್ಯಾಂಡಿನ ಮೊದಲ ಆಲ್ಬಮ್ 9.5ರಿಂದ 7.0ಕ್ಕೆ ಇಳಿಯಿತು. ಡಾಫ್ಟ್ ಪಂಕ್‌ನವರ 2001ರ 'ಡಿಸ್ಕವರಿ' ರಾಕ್ ಅಲ್ಲ, ಡಾನ್ಸ್ ಸಂಗೀತ, ಇರಲಿ, ಅದು 10ಕ್ಕೆ ಏರಿತು. ಮೊದಲು ಎಷ್ಟಿತ್ತು ಗೊತ್ತಾ? 6.4!

ಇದನ್ನು ಹೇಳುವಾಗ ಕಾರು ನೀರ್ಚಾಲು ದಾಟಿತ್ತು. ಹುಡುಗ ಬಾಯಿ ಬಿಡಲಿಲ್ಲ.

(ನಮ್ಮದೊಂದು ಮರುಮೌಲ್ಯಮಾಪನವೂ ಇದೆಯಲ್ಲ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ ಇರುವುದೆಲ್ಲ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದದ ಮಹಾಜನ ಆಯೋಗ ಬರೆದದ್ದು 1967ರಲ್ಲಿ. ಅಂಕಪಟ್ಟಿ ಇನ್ನೂ ಕೈಗೆ ಬಂದಿಲ್ಲ. ಇರಲಿ, ಇವತ್ತಿನ ವಿಷಯ ಅದಲ್ಲ.)

ಈಗ ಯಾರಾದರೂ ಬಂದು ಹೇಳುತ್ತೀರಿ: ವಾರಕ್ಕೆ ಸಾವಿರ ಹಾಡು ಬರುತ್ತವೆ, ಎಲ್ಲ ಕೇಳಲು ಯಾರಿಗೆ ಟೈಮ್ ಇದೆ, ಜರಡಿ ಬೇಡವಾ ಅಂತ. ಬೇಕು, ಒಪ್ಪಿದೆ. ಆದರೆ ಟೈಮ್ ಇಲ್ಲ ಎನ್ನುವ ಮಾತು ನನ್ನ ಹತ್ತಿರ ಬೇಡ. ಈ ಆಲ್ಬಮ್ ಇರುವುದು 44 ನಿಮಿಷ. ಹಿಂದಿನ ರಾತ್ರಿ ಇದೇ ಹುಡುಗ ನಮ್ಮ ಚಾವಡಿಯಲ್ಲಿ ಮಲಗಿ ಒಂದೂವರೆ ಗಂಟೆ ರೀಲ್ಸ್ ನೋಡಿದ್ದಾನೆ. ಅದರಲ್ಲಿ ಒಬ್ಬ ಹಲಸಿನ ಹಣ್ಣಿಗೆ ಚಾಕಲೇಟ್ ಸುರಿಯುತ್ತಿದ್ದ. ಅದಕ್ಕೆ ಸ್ಕೋರ್ ನೋಡಿದ್ದನಾ?

2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂತು. ಅದೇ ವರ್ಷ ಮಲಯಾಳದ ಅವಿಯಲ್ ಬ್ಯಾಂಡಿನದ್ದೂ ಬಂತು. ಆ ಕಡೆಯದ್ದೂ ಈ ಕಡೆಯದ್ದೂ ನಮಗೆ ಸಿಕ್ಕಿದ್ದು ಬಸ್ಸಿನಲ್ಲಿ ಪಕ್ಕ ಕೂತವರ ಮೊಬೈಲಿನಿಂದ, ಬ್ಲೂಟೂತ್‌ನಲ್ಲಿ. ರಘು ಹಾಡಿದ ಶರೀಫರ ಪದಕ್ಕೆ ಗಿಟಾರ್ ಯಾಕೆ ಎಂದು ಬೈದವರಿದ್ದರು. ಕೇಳಿ ಬೈದರು! ಆ ಬೈಗುಳಕ್ಕೆ ನನ್ನ ಗೌರವ ಇದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ತಪ್ಪೊಪ್ಪಿಗೆ. ಇದನ್ನು ಕಾರಿನಲ್ಲಿ ಅವನಿಗೆ ಹೇಳಲಿಲ್ಲ.

2000ನೇ ಇಸವಿಯ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನ 'ಕಿಡ್ ಎ' ಆಲ್ಬಮ್ ಬಂತು. ನಾನಾಗ ಡಿಗ್ರಿಯಲ್ಲಿದ್ದೆ. ದುಬೈಯಿಂದ ಬಂದ ದೋಸ್ತಿಯ ಅಣ್ಣ ಪೆಟ್ಟಿಗೆಯಲ್ಲಿ ಟ್ಯಾಂಗ್ ಮತ್ತು ಟೈಗರ್ ಬಾಮ್ ನಡುವೆ ಅದರ ಸಿಡಿ ಇಟ್ಟುಕೊಂಡು ಬಂದಿದ್ದ. ಹಿಂದಿನ ಆಲ್ಬಮ್ ತುಂಬ ಗಿಟಾರ್ ಇತ್ತು. ಇದರಲ್ಲಿ ಶುರುವಿಗೇ ಕೀಬೋರ್ಡು, ತುಂಡು ತುಂಡಾದ ದನಿ. ಎರಡು ಹಾಡು ಕೇಳಿ "ಇವರು ಹಾಳಾದರು" ಎಂದು ಕಾಲೇಜಿನಲ್ಲಿ ಡಂಗುರ ಸಾರಿದೆ. ಇಂಗ್ಲೆಂಡಿನ ಮೆಲೊಡಿ ಮೇಕರ್ ಪತ್ರಿಕೆಯೂ ಐದಕ್ಕೆ ಒಂದೂವರೆ ಕೊಟ್ಟಿತ್ತಂತೆ. ನನ್ನ ಎದೆ ಇನ್ನಷ್ಟು ಉಬ್ಬಿತು. (ಆ ಪತ್ರಿಕೆ ಅದೇ ಡಿಸೆಂಬರ್‌ನಲ್ಲಿ ಮುಚ್ಚಿತು, ಅದು ಬೇರೆ ಮಾತು.) ಆಮೇಲೆ ಒಂದು ದಿನ ಸೈಬರ್ ಕೆಫೆಯಲ್ಲಿ ಪುಟ ತೆರೆಯಲು ಐದು ನಿಮಿಷ ಕಾದು ನೋಡುತ್ತೇನೆ, ಪಿಚ್‌ಫೋರ್ಕ್ 10ಕ್ಕೆ 10 ಕೊಟ್ಟಿದೆ! ಮರುದಿನ ಕ್ಯಾಂಟೀನಿನಲ್ಲಿ ನಾನು "ಅದೊಂದು ಅದ್ಭುತ, ನಿಮಗೆಲ್ಲ ಅರ್ಥ ಆಗುವುದಿಲ್ಲ" ಎಂದು ಭಾಷಣ ಬಿಗಿದೆ. ಸಿಡಿಯನ್ನು ಮತ್ತೊಮ್ಮೆ ಕೇಳದೆ.

ಆಮೇಲೆ ನೂರು ಸಲ ಕೇಳಿದ್ದೇನೆ. ಈಗ ಅದು ನನ್ನ ಪ್ರಾಣ. ಆದರೆ ಹಾಡಿಗೆ ಮನಸೋತೆನೋ, ಆ 10ಕ್ಕೆ ಸೋತೆನೋ, ಇವತ್ತಿಗೂ ಬಗೆಹರಿದಿಲ್ಲ. ಅಕ್ಕನ ಮಗನ ಮೇಲೆ ಇಷ್ಟು ಸಿಟ್ಟು ಯಾಕೆ ಬಂತು ಎಂದು ಈಗ ನಿಮಗೂ ಗೊತ್ತಾಯಿತಲ್ಲ.

ಹಾಂ, ಕಾರಿನ ಕಥೆ. ಸೀತಾಂಗೋಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವನ ಫೋನ್ ಕಸಿದುಕೊಂಡು ನಾನೇ ಹಾಕಿದೆ. ಕುಂಬಳೆ ಪೇಟೆಗೆ ಬರುವಾಗ ನಾಲ್ಕನೇ ಹಾಡು. ಅದರ ಮಧ್ಯೆ ಎಲ್ಲ ನಿಂತು ಬೇಸ್ ಗಿಟಾರ್ ಒಂದೇ ನಡೆಯುತ್ತದೆ, ಹಾಡುವವನು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಹಾಡುತ್ತಾನೆ ಎಂದು ಕಾದರೆ ಹಾಡುವುದಿಲ್ಲ, ಉಸಿರು ಹಾಗೇ ಬಿಡುತ್ತಾನೆ. ಹುಡುಗ ವಾಲ್ಯೂಮ್ ಎರಡು ಗೆರೆ ಏರಿಸಿದ್ದನ್ನು ನಾನು ನೋಡಿಯೂ ನೋಡದ ಹಾಗೆ ಸಮುದ್ರದ ಕಡೆ ಮುಖ ಮಾಡಿ ಕೂತೆ.

ಹೊಸಂಗಡಿ ದಾಟುವಾಗ ಆಲ್ಬಮ್ ಮುಗಿಯಿತು. "ಹೇಗಾಯಿತು?" ಎಂದೆ.

"ಅಷ್ಟೇನೂ ಹಿಡಿಸಲಿಲ್ಲ ಮಾವ. ನಾಲ್ಕನೆಯದು ಸರಿ. ಕೊನೆಯದ್ದು ಸುಮ್ನೆ ಎಳೆದಿದ್ದಾರೆ. ಎರಡು ನಿಮಿಷ ಮೊದಲೇ ಮುಗಿದಿತ್ತು ಅದು."

ಎಳೆದದ್ದಲ್ಲ, ಅದು ಬೇಕೆಂದೇ ಹಾಗೆ ಮಾಡಿದ್ದು ಎಂದು ನಾನು. ಅಲ್ಲ ಎಂದು ಅವನು. ತಲಪಾಡಿ ಟೋಲಿನಲ್ಲಿ ಹಿಂದಿನ ಗಾಡಿಯವನು ಹಾರ್ನ್ ಹೊಡೆಯುವ ತನಕ ಜಗಳ. ತೊಕ್ಕೊಟ್ಟಿನಲ್ಲಿ ಕೊನೆಯ ಹಾಡನ್ನು ಮತ್ತೆ ಹಾಕಿದೆವು, ಗಡಿಯಾರ ನೋಡಿಕೊಂಡು. ಮದುವೆ ಮನೆ ಮುಟ್ಟುವಾಗ ಧಾರೆ ಆಗಿಹೋಗಿತ್ತು, ಅಕ್ಕ ಇಬ್ಬರಿಗೂ ಸರಿಯಾಗಿ ಕೊಟ್ಟಳು.

ಹೆಸರು ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಹೆಸರು ಹೇಳುವುದಿಲ್ಲ, ನಾಲ್ಕನೇ ಹಾಡು ಕಳಿಸುತ್ತೇನೆ.