ಚಪ್ಪಲಿ ಹಾಕಿ ಸ್ನಾನ ಮಾಡಿ ಮಾರಾಯ್ರೆ

ಜೂನ್ ಬಂತೆಂದರೆ ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಬಾಡಿಗೆ ಮನೆಯ ಬಾತ್‌ರೂಮಿನ ನಲ್ಲಿಗೆ ಜೀವ ಬರುತ್ತದೆ. ಗೀಸರ್ ಹಾಕಿ ನಲ್ಲಿ ಮುಟ್ಟಿದರೆ ಮೊಣಕೈವರೆಗೆ ಜುಂ. ಓನರಿಗೆ ಫೋನ್ ಮಾಡಿದೆ.

"ಮಳೆಗಾಲ ಅಲ್ವಾ, ಗೋಡೆ ಪಸೆ ಹಿಡಿದಿರ್ತದೆ. ಚಪ್ಪಲಿ ಹಾಕಿ ಸ್ನಾನ ಮಾಡಿ ಮಾರಾಯ್ರೆ."

ಇಲೆಕ್ಟ್ರಿಷಿಯನ್ ಕರೆಸಿ ವೈರಿಂಗ್ ಎಲ್ಲ ಒಮ್ಮೆ ನೋಡಿಸುವ ಅಂದೆ. ಯಾರ ಖರ್ಚಲ್ಲಿ ಅಂದರು. ನಿಮ್ಮ ಮನೆ ಅಲ್ವಾ ಅಂದೆ. "ಶಾಕ್ ಹೊಡೆಯೋದು ನಿಮಗಲ್ವಾ?" ಲೆಕ್ಕ ಚೊಕ್ಕ ಉಂಟು. ಮೀಟರಿನವರೆಗೆ ಕರೆಂಟ್ ಕೊಡುವ ಮೆಸ್ಕಾಂ, ಅಲ್ಲಿಂದ ಗೋಡೆಯವರೆಗೆ ಓನರ್, ಗೋಡೆಯಿಂದ ಈಚೆಗೆ ನನ್ನ ಮೈ.

ಇವರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲೊಂದು ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದಾನೆ. ಅಲ್ಲಿ 2020ರಲ್ಲಿ ನಿಯಮ ಬಂತು. ಬಾಡಿಗೆ ಮನೆಯ ವೈರಿಂಗನ್ನು ಕಡಿಮೆಯೆಂದರೂ 5 ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು, 28 ದಿನದೊಳಗೆ ಅದರ ವರದಿ ಬಾಡಿಗೆದಾರನ ಕೈಗೆ ಕೊಡಬೇಕು. ತಪ್ಪಿದರೆ 30,000 ಪೌಂಡ್‌ವರೆಗೆ ದಂಡ ಅಂತ ಆಗಲೇ ಬರೆದಿಟ್ಟರು. ಖರ್ಚು ಪೂರಾ ಓನರಿನದು. ನಮ್ಮ ಓನರಿಗೆ ಇದನ್ನು ನೆನೆಸಿಕೊಂಡರೇ ಬಿ.ಪಿ. ಏರುತ್ತದೆ. "ಅಲ್ಲಿಯ ಇಲೆಕ್ಟ್ರಿಷಿಯನ್ ಇನ್ನೂರು ಪೌಂಡ್ ಕೇಳಿದ್ನಂತೆ! ಹಗಲು ದರೋಡೆ. ಬಲ್ಬ್ ಉರೀತದೆ ಅಂದ ಮೇಲೆ ಎಂತ ಚೆಕ್ ಮಾಡ್ಲಿಕ್ಕೆ ಉಂಟು? ನಮ್ಮೂರಲ್ಲಿ ಇದಕ್ಕೆಲ್ಲ ಯಾರಾದ್ರೂ ದುಡ್ಡು ಕೊಡ್ತಾರಾ?"

ಕೊಡುವುದಿಲ್ಲ, ನಿಜ. ಇಲ್ಲಿ ಪರೀಕ್ಷೆ ಫ್ರೀ. ಅದೂ 5 ವರ್ಷಕ್ಕೊಮ್ಮೆ ಅಲ್ಲ, ದಿನಾ ಬೆಳಿಗ್ಗೆ ಏಳಕ್ಕೆ, ಬರಿಗಾಲಲ್ಲಿ. ವರದಿಗೆ 28 ದಿನ ಕಾಯಬೇಕಾಗಿಯೂ ಇಲ್ಲ. ಕೂಡಲೇ ಕೈಗೆ ಬರುತ್ತದೆ.

ಕೊನೆಗೆ ನಾನೇ ದುಡ್ಡು ಕೊಟ್ಟು ಇಲೆಕ್ಟ್ರಿಷಿಯನ್ ಕರೆಸಿದೆ. ನಲ್ಲಿಗೆ ಟೆಸ್ಟರ್ ಇಟ್ಟ. ಮಿಣ್ಣಗೆ ಉರಿಯಿತು. ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಬೋರ್ಡಿನಿಂದ ಹೊರಟ ಹಸಿರು ವೈರಿನ ಬೆನ್ನು ಹಿಡಿದು ಮನೆ ಹಿಂದಕ್ಕೆ ಹೋದ. ಹಿಂದೊಮ್ಮೆ ಆ ವೈರನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿದ್ದರಂತೆ. ಪೈಪ್ ತುಕ್ಕು ಹಿಡಿದಾಗ ಓನರ್ ಪಿವಿಸಿ ಹಾಕಿಸಿದ್ದಾರೆ. ಹಸಿರು ವೈರನ್ನು ಮಾತ್ರ ಮರೆಯದೆ ಪಿವಿಸಿಗೇ ಮೂರು ಸುತ್ತು ಸುತ್ತಿ, ಮೇಲಿಂದ ಟೇಪ್ ಹಾಕಿ, ನೀಟಾಗಿ ಕಟ್ಟಿಸಿದ್ದಾರೆ. "ಪ್ಲಾಸ್ಟಿಕ್ಕಿಗೆ ಅರ್ಥಿಂಗ್ ಕೊಟ್ಟದ್ದು ಇದೇ ಮೊದಲು ನೋಡಿದ್ದು ಸರ್" ಅಂತ ಅವನು ಫೋಟೋ ಹೊಡೆದುಕೊಂಡ.

ಹೊಸ ಹೊಂಡ ತೋಡಿ, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಬೇಕು, ಗೀಸರ್ ಬದಲಿಸಬೇಕು, 30 ಮಿಲಿಆಂಪಿಯರ್ ಸೋರುವಷ್ಟರಲ್ಲಿ ಕರೆಂಟ್ ಕಟ್ ಮಾಡುವ ಆರ್‌ಸಿಸಿಬಿ ಕೂರಿಸಬೇಕು ಅಂದ. ಓನರಿಗೆ ಹೇಳಿದೆ. ಉಳಿದದ್ದು ಅವರ ಕಿವಿಗೆ ಬೀಳಲೇ ಇಲ್ಲ. "ಹೊಂಡವಾ? ಅಂಗಳಕ್ಕೆ ಮೊನ್ನೆ ಇಂಟರ್‌ಲಾಕ್ ಹಾಕಿಸಿದ್ದು ಮಾರಾಯ್ರೆ!"

ಹೋದ ವಾರ 11 ತಿಂಗಳ ಅಗ್ರಿಮೆಂಟ್ ರಿನೀವಲ್‌ಗೆ ಬಂತು. ಗೋಡೆಗೆ ಮೊಳೆ ಹೊಡೆಯಬಾರದು, ಬಿಟ್ಟು ಹೋಗುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಟ್, ಎಲ್ಲ ಹಳೆಯದೇ. ಕೊನೆಯಲ್ಲಿ ಒಂದು ಷರತ್ತು ಹೊಸದು: ಸ್ನಾನದ ಕೋಣೆಯಲ್ಲಿ ರಬ್ಬರ್ ಚಪ್ಪಲಿ ಕಡ್ಡಾಯ. ಚಪ್ಪಲಿಯ ಖರ್ಚು ಬಾಡಿಗೆದಾರರದ್ದು.